ಬುಗುರಿ ಬ್ರೆಡ್ಡು ಬಿಟ್ಟಿದ್ದು

ಮಹಡಿ ಮನೆಯ ಟೀಚರ್ ಮೇಲೆ ಬೇಕರಿಯವನಿಗೆ ಇವತ್ತಿಗೂ ಒಂದು ಸಿಟ್ಟಿದೆ. ಅವನ ನಾಯಿಯ ಕಾಟ ತಡೆಯಲಾಗದಿದ್ದರೆ ಹದಿನಾಲ್ಕು ಮೆಟ್ಟಿಲು ಇಳಿದು ಬಂದು ಅವನ ಮುಖಕ್ಕೇ ಹೇಳಬಹುದಿತ್ತು. ಅದು ಬಿಟ್ಟು ನೆಟ್ಟಗೆ ಮನೆ ಮಾಲೀಕನ ಕಿವಿಗೆ ಊದಿದರು. ಮಾಲೀಕ ಬಾಗಿಲಲ್ಲೇ ನಿಂತು, "ಎರಡು ತಿಂಗಳು ಟೈಮು. ಆಮೇಲೆ ನಾಯಿ ಇರಬಾರದು, ಇದ್ರೆ ನೀವೂ ಇರಬಾರದು" ಎಂದು ಹೇಳಿ ಹೋದ.

ನಾಯಿಯ ಹೆಸರು ಬುಗುರಿ. ಹೆಸರಿಗೆ ತಕ್ಕಂತೆ ಕೂತಲ್ಲಿ ಕೂರುತ್ತಿರಲಿಲ್ಲ. ಮಂಚದ ಕಾಲು ಕೆರೆಯುವುದು, ಸುತ್ತುವುದು, ಬೊಗಳುವುದು, ಪಾದವನ್ನು ಕೆಂಪಗಾಗುವ ತನಕ ನೆಕ್ಕುವುದು. ಕಿವಿ ಮುಟ್ಟಿದರೆ ಗುರ್ ಎನ್ನುವುದು. ಒಂದು ಸಲ ಹೆಂಡತಿಯ ಕೈಗೇ ಬಾಯಿ ಹಾಕಿತ್ತು.

"ಚುರುಕು ಕಣೆ, ನನ್ನ ಹಾಗೆ" ಎನ್ನುತ್ತಿದ್ದ ಬೇಕರಿಯವನು.

"ನಿಮ್ಮ ಹಾಗೆ ಅಂತಲೇ ನಂಗೆ ಭಯ."

ಮಧ್ಯಾಹ್ನ ಅಂಗಡಿಯಿಂದ ಬರುವಾಗ ಅವನ ಚೀಲದಲ್ಲಿ ಮುರಿದ ಬನ್ನು, ಬ್ರೆಡ್ಡಿನ ಅಂಚು, ಟ್ರೇ ಕೆರೆದ ರಸ್ಕಿನ ಪುಡಿ ಇರುತ್ತಿದ್ದವು. ಚೂರು ಚೂರೇ ಕೈಯಾರೆ ತಿನ್ನಿಸುತ್ತಿದ್ದ. ಅದು ತಿಂದರೆ ಅವನ ಹೊಟ್ಟೆ ತುಂಬುತ್ತಿತ್ತು.

ಗಡುವಿನ ಮೊದಲ ವಾರವೇ ಬೇಕರಿಯ ಒಲೆಯ ತಳ ಬಿರುಕು ಬಿಟ್ಟಿತು. ರಿಪೇರಿಗೆ ಇಪ್ಪತ್ತಮೂರು ದಿನ ಹಿಡಿಯಿತು. ಮನೆಯಲ್ಲಿ ಬ್ರೆಡ್ಡಿಲ್ಲ, ಬುಗುರಿಗೂ ಅನ್ನ, ಬೇಯಿಸಿದ ಮೊಟ್ಟೆ, ಕುಂಬಳಕಾಯಿ. ನಾಯಿಯನ್ನು ಯಾರ ಮನೆಗೆ ಬಿಡುವುದು ಎಂಬ ಚಿಂತೆಯಲ್ಲಿ ಅವನು ಗೋಡೆ ನೋಡುತ್ತ ಕೂತ. ನಾಯಿಯೂ ದಿನೇ ದಿನೇ ತಣ್ಣಗಾಗಿ ಅವನ ಕಾಲ ಬಳಿ ಮಲಗತೊಡಗಿತು.

"ನೋಡೇ, ಇವಳಿಗೂ ಗೊತ್ತಾಗಿಬಿಟ್ಟಿದೆ. ಕೊರಗ್ತಿದಾಳೆ" ಎಂದ.

ಒಲೆ ಹೊತ್ತಿದ ದಿನ, ಕೊರಗು ಕಳೆಯಲಿ ಎಂದು ಬಿಸಿ ಬಿಸಿ ಇಡೀ ಬ್ರೆಡ್ಡೇ ತಂದುಕೊಟ್ಟ. ಮೂರು ದಿನದಲ್ಲಿ ಮನೆ ಮತ್ತೆ ರಣರಂಗವಾಯಿತು.

ನಾಲ್ಕನೇ ದಿನ ಟೀಚರ್ ಕೆಳಗಿಳಿದು ಬಂದರು, ಕೈಯಲ್ಲಿ ನೋಟ್‌ಬುಕ್ಕು. ನಾಯಿ ಎಷ್ಟು ಹೊತ್ತಿಗೆ ಬೊಗಳಿತು ಎಂದು ದಿನವೂ ಬರೆದಿದ್ದರು.

"ಬೇರೆಯವರ ನಾಯಿಗೆ ಹಾಜರಿ ಹಾಕೋಕೆ ನಾಚಿಕೆ ಆಗಲ್ವಾ ನಿಮಗೆ?" ಎಂದು ಅವನು ಗುಡುಗಿದ.

"ಮಾಲೀಕರಿಗೆ ತೋರಿಸೋಕೇ ಬರೆದದ್ದು, ಸುಳ್ಳು ಹೇಳಲ್ಲ. ಆದ್ರೆ ಇಲ್ಲಿ ನೋಡಪ್ಪಾ. ಇಷ್ಟು ಪುಟ ಹೆಚ್ಚುಕಮ್ಮಿ ಖಾಲಿ. ಆಗೇನು ಮಾಡಿದ್ರಿ?"

"ಒಲೆ ಒಡೆದಿತ್ತು."

"ಒಲೆ ಬೊಗಳಲ್ಲ. ನಾಯಿ ಏನು ತಿಂತು?"

ಅವನಿಗೆ ಮೈಯೆಲ್ಲ ಉರಿಯಿತು. "ನನ್ನ ಬ್ರೆಡ್ಡಿಗೆ ಹೆಸರಿಡಬೇಡಿ ಟೀಚರ್. ಇಡೀ ಬೀದಿ ತಿನ್ನುತ್ತೆ."

"ಬೀದಿ ತಿನ್ಲಿ. ಮೂವತ್ತು ವರ್ಷ ಮಕ್ಕಳನ್ನ ನೋಡಿದೀನಿ. ಮೈ ಕೆರೆಯೋ ಮಗು ಬೆಂಚಲ್ಲಿ ಕೂರಲ್ಲ ಕಣಪ್ಪಾ."

ಅವನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಬುಗುರಿಯ ತಟ್ಟೆಯಿಂದ ಬನ್ನು ಎತ್ತಿಯಾಗಿತ್ತು.

ಪ್ರಾಣಿ ವೈದ್ಯರು ಪಾದ ನೋಡಿದರು, ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಕೆಲವು ನಾಯಿಗಳಿಗೆ ಗೋಧಿ ಆಗಲ್ಲ, ಕೆಲವಕ್ಕೆ ಹಾಲಿನ ಪುಡಿ ಆಗಲ್ಲ. ಮೈ ನವೆ, ಕಿವಿ ನೋವು. ಮುಟ್ಟಿದ್ರೆ ಕಚ್ಚದೆ ಇನ್ನೇನು ಮಾಡ್ತಾಳೆ? ಕಿವಿಗೆ ಔಷಧಿ ಕೊಡ್ತೀನಿ. ಎರಡು ತಿಂಗಳು ಬ್ರೆಡ್ಡು ಬಂದ್."

"ಅಂಚೂ ಬೇಡ್ವಾ ಡಾಕ್ಟ್ರೆ?"

"ಅಂಚೂ ಬ್ರೆಡ್ಡೇ ಅಲ್ವೇನ್ರೀ."

ಆಸ್ಪತ್ರೆಯ ಜಗಲಿಯಲ್ಲಿ ಅವನು ತುಂಬ ಹೊತ್ತು ಕೂತ. ಮೂರು ವರ್ಷ ಪ್ರೀತಿ ಅಂತ ಉಣಿಸಿದ್ದು ನವೆಯನ್ನು. ಅದಾದ ಮೇಲೆ ಅಂಗಡಿಯ ನಲ್ಲಿಯಲ್ಲಿ ಮೊಣಕೈ ತನಕ ತೊಳೆದು, ಅಂಗಿ ಬದಲಿಸಿಯೇ ಮನೆಗೆ ಬರತೊಡಗಿದ. ಮೊದಲ ದಿನ ಬುಗುರಿ ಅವನ ಬೆರಳು ಒಂದೊಂದನ್ನೂ ಮೂಸಿತು. ಏನೂ ಸಿಗಲಿಲ್ಲ. ಆದರೂ ಅಂಗೈ ಮೇಲೆ ಗದ್ದ ಇಟ್ಟಿತು. ವಾರಗಳು ಕಳೆದ ಮೇಲೆ ಒಂದು ಸಂಜೆ ಅವನು ಮೆಲ್ಲಗೆ ಕಿವಿ ಮುಟ್ಟಿದ. ಗುರ್ ಎನ್ನಲಿಲ್ಲ, ಕಣ್ಣು ಮುಚ್ಚಿತು.

ಮಾಲೀಕನ ಹತ್ತಿರ ಹೋಗಿ, "ನಾಯಿ ಇರಲಿ ಬಿಡಿ" ಎಂದವರೂ ಟೀಚರೇ. ಅದು ಅವನಿಗೆ ಗೊತ್ತಾದದ್ದು ಹೆಂಡತಿಯ ಬಾಯಿಂದ. ಥ್ಯಾಂಕ್ಸ್ ಹೇಳಬೇಕೆಂದು ನಾಳೆ, ನಾಡಿದ್ದು ಎಂದುಕೊಂಡೇ ವರ್ಷ ಕಳೆಯಿತು. ಅಷ್ಟರಲ್ಲಿ ಟೀಚರ್ ತಂಗಿಯ ಊರಿಗೆ ಹೊರಟುನಿಂತರು. ಬೀರು, ಮಂಚ, ಪುಸ್ತಕದ ಪೆಟ್ಟಿಗೆಗಳನ್ನೆಲ್ಲ ಅವನೇ ಹೊತ್ತು ಟೆಂಪೋಗೆ ಹಾಕಿದ. ಕಟ್ಟಿದ ಹಗ್ಗವನ್ನೇ ಬಿಚ್ಚಿ ಮತ್ತೆ ಕಟ್ಟಿದ.

"ಸಾಕು ಬಿಡಪ್ಪಾ, ಬೆನ್ನು ಜೋಪಾನ" ಎಂದರು ಟೀಚರ್.

"ರಸ್ತೆ ಚೆನ್ನಾಗಿಲ್ಲ, ಅದಕ್ಕೆ" ಎಂದ. ಹೇಳಬೇಕಾದದ್ದು ನಾಲಿಗೆ ತುದಿಯಲ್ಲೇ ಉಳಿಯಿತು, ಟೆಂಪೋ ತಿರುವು ದಾಟಿತು.