ಬಿಸಿಲಿದ್ದಷ್ಟು ಹೊತ್ತಿನ ಗಣಿ

ಹುಮನಾಬಾದಿನ ಕೈಗಾರಿಕಾ ಪ್ರದೇಶಕ್ಕೆ ತಿರುಗುವ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೂ ಚಹದಂಗಡಿಗೂ ನಡುವೆ ಒಂದು ಕಿರಿದಾದ ಮಳಿಗೆಯಿದೆ. ಹೊರಗೆ ಹೆಸರಿನ ಫಲಕವಿಲ್ಲ. ಆದರೂ ಸುತ್ತಲಿನ ಕಾರ್ಖಾನೆಗಳಲ್ಲಿ ಯಾವ ಯಂತ್ರದ ಸರ್ಕ್ಯೂಟ್ ಬೋರ್ಡು ಸುಟ್ಟರೂ ಅದನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಮೊದಲು ತರುವುದು ಇಲ್ಲಿಗೇ. ಮಳಿಗೆ ರತ್ನಮಾಲಾಳದು. ನಲವತ್ತೊಂದು ವರ್ಷದ ಹೆಂಗಸು, ಐಟಿಐ ಓದಿದವಳು, ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬಂದು ಸಂಜೆ ಅದೇ ದಾರಿಯಲ್ಲಿ ಮರಳುವವಳು. ಗಂಡ ಧಮ್ಮಪಾಲ ಲಾರಿ ಓಡಿಸುತ್ತಾನೆ. ತಿಂಗಳಲ್ಲಿ ಇಪ್ಪತ್ತು ದಿನ ಹೆದ್ದಾರಿಯೇ ಅವನ ಮನೆ. ಮನೆಯಲ್ಲಿ ಅವಳೊಂದಿಗೆ ಇರುವವಳು ತಾಯಿ ಮುಕ್ತಾಬಾಯಿ.

ರತ್ನಮಾಲಾಳಿಗೆ ಎಚ್ಚರವಿದ್ದಂತೆಯೇ ಎಲ್ಲೋ ಹೋಗಿಬಿಡುವ ಸ್ವಭಾವ. ಭೂತಗನ್ನಡಿಯ ಕೆಳಗೆ ಹಸಿರು ಬೋರ್ಡನ್ನು ಇಟ್ಟುಕೊಂಡರೆ ಸಾಕು, ಅವಳಿಗೆ ಹುಟ್ಟೂರು ಕೊಹಿನೂರಿನ ದಿಬ್ಬದ ಮೇಲಿಂದ ಚಿಕ್ಕಂದಿನಲ್ಲಿ ಕಂಡ ಹೊಲಗಳು ಕಾಣುತ್ತಿದ್ದವು. ತಾಮ್ರದ ಗೆರೆಗಳೆಲ್ಲ ಬದುಗಳು. ಸಣ್ಣ ಸಣ್ಣ ಚಿಪ್ಪುಗಳು ಕಲ್ಲು ಹೇರಿದ ಗುಡಿಸಲುಗಳು. ಕರೆಂಟು ಎಲ್ಲಿ ಹರಿದು ಎಲ್ಲಿ ನಿಂತಿದೆ ಎಂದು ಅವಳು ಆ ಬದುಗಳ ಮೇಲೆ ನಡೆದುಕೊಂಡೇ ಹುಡುಕುತ್ತಿದ್ದಳು. ಕೈಯಲ್ಲಿ ಬೆಸುಗೆ ಕಡ್ಡಿ ಹೊಗೆಯಾಡುತ್ತಿದ್ದರೂ ಬಾಗಿಲಲ್ಲಿ ನಿಂತು ಕರೆದವರಿಗೆ ಓಗೊಡಲು ಒಂದು ಗಳಿಗೆ ಬೇಕಾಗುತ್ತಿತ್ತು.

ಹೋದ ವರ್ಷ ಶ್ರಾವಣದ ಹೊತ್ತಿಗೆ ಬಸವಣಪ್ಪನವರು ಬಂದರು. ಊರಿನಲ್ಲಿ ಅವರದೊಂದು ತೊಗರಿಬೇಳೆ ಮಿಲ್ಲು. ಸೂರಿನ ತುಂಬ ಸೋಲಾರ್ ಹಲಗೆಗಳು. ಮಳೆಗಾಲದಲ್ಲಿ ಮಿಲ್ಲು ಹೆಚ್ಚು ಕಡಿಮೆ ನಿಂತೇ ಇರುತ್ತದೆ, ಆದರೆ ಮೋಡ ಸರಿದಾಗಲೆಲ್ಲ ಹಲಗೆಗಳು ಸುಮ್ಮನಿರುವುದಿಲ್ಲ. ಆ ವಿದ್ಯುತ್ತು ಹಾಳಾಗುವುದನ್ನು ಕಂಡು ಹೈದರಾಬಾದಿನಲ್ಲಿರುವ ಅವರ ತಂಗಿಯ ಮಗ ಶರಣಕುಮಾರ ಒಂದು ದಾರಿ ಹೇಳಿದ್ದ: ಬಿಟ್‌ಕಾಯಿನ್ ಗಣಿಗಾರಿಕೆಯ ಎರಡು ಹಳೇ ಯಂತ್ರಗಳನ್ನು ಕೊಡಿಸಿದ್ದ. ಒಂದು ನಡೆಯುತ್ತಿತ್ತು, ಇನ್ನೊಂದು ದಾರಿಯಲ್ಲಿ ಪೆಟ್ಟು ತಿಂದು ಸತ್ತಂತಾಗಿತ್ತು. ಬಸವಣಪ್ಪನವರು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ತಂದಿದ್ದರು.

ರತ್ನಮಾಲಾ ಅಂಥದ್ದನ್ನು ಮೊದಲ ಬಾರಿ ನೋಡಿದ್ದು. ಒಳಗೆ ಮೂರು ಉದ್ದನೆಯ ಬೋರ್ಡುಗಳು, ಒಂದೊಂದರ ಮೇಲೂ ಸಾಲು ಸಾಲು ಚಿಪ್ಪುಗಳು, ಎಲ್ಲವೂ ಒಂದೇ ರೂಪ. ಬೇರೆ ಯಂತ್ರಗಳ ಬೋರ್ಡಿನಲ್ಲಿ ನೂರೆಂಟು ಕೆಲಸದ ನೂರೆಂಟು ಭಾಗಗಳಿರುತ್ತವೆ. ಇದರಲ್ಲಿದ್ದದ್ದು ಒಂದೇ ಕೆಲಸ. ಒಂದು ಅಂಕಿಯನ್ನು ಊಹಿಸುವುದು, ತಪ್ಪಾದರೆ ಇನ್ನೊಂದನ್ನು ಊಹಿಸುವುದು. ಜಗತ್ತಿನಾದ್ಯಂತ ಇಂಥ ಲಕ್ಷಾಂತರ ಯಂತ್ರಗಳು ಒಟ್ಟಿಗೆ ಹುಡುಕುತ್ತಿರುತ್ತವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಯಾರಿಗೋ ಸರಿಯಾದ ಅಂಕಿ ಸಿಗುತ್ತದೆ. ಆ ಹತ್ತು ನಿಮಿಷದ ವಹಿವಾಟಿನ ಕಟ್ಟಿಗೆ ಬ್ಲಾಕು ಎಂದು ಹೆಸರು, ಅಂಕಿ ಸಿಕ್ಕವರಿಗೆ ಆ ಬ್ಲಾಕಿನ ನಾಣ್ಯಗಳು. ಸೆಕೆಂಡಿಗೆ ಲಕ್ಷ ಕೋಟಿಗಟ್ಟಲೆ ಸಲ ತಪ್ಪಿಯೂ ಬೇಸರಪಡದ ಯಂತ್ರವನ್ನು ಅವಳು ಬಹಳ ಹೊತ್ತು ನೋಡುತ್ತ ಕುಳಿತಳು. ಎರಡನೇ ದಿನ ಸತ್ತ ಚಿಪ್ಪು ಸಿಕ್ಕಿತು. ಅದನ್ನು ಕಿತ್ತು ಹೊಸದು ಕೂರಿಸಿದಳು.

ಮಿಲ್ಲಿನ ಮಾಳಿಗೆಯ ಕೋಣೆಯಲ್ಲಿ ಎರಡೂ ಯಂತ್ರಗಳನ್ನು ಜೋಡಿಸಿದಾಗ ಅವುಗಳ ಪಂಖಗಳು ಎಬ್ಬಿಸಿದ ಸದ್ದಿಗೆ ಸೂರಿನ ಪಾರಿವಾಳಗಳು ಹಾರಿಹೋದವು. ಬಿಸಿಗಾಳಿ ಕಿಟಕಿಯ ಕಡೆ ನುಗ್ಗಿತು. ಅದರಲ್ಲಿ ಹಳೇ ತೊಗರಿಯ ಹೊಟ್ಟಿನ ವಾಸನೆ. ಇನ್ನು ಮುಂದಿನದನ್ನೂ ನೀನೇ ನೋಡಿಕೊ ಎಂದು ಬಸವಣಪ್ಪನವರು ಹೇಳಿಬಿಟ್ಟರು. ಯಂತ್ರಗಳು ಯಾವ ಪೂಲಿಗೆ ಸೇರಬೇಕು ಎಂಬುದೂ ಅವಳದೇ ಆಯ್ಕೆಯಾಯಿತು. ಪೂಲೆಂದರೆ ದೊಡ್ಡದೊಂದು ಕೂಟ: ಸಾವಿರಾರು ಜನ ತಮ್ಮ ಯಂತ್ರಗಳನ್ನು ಸೇರಿಸಿ ಹುಡುಕುತ್ತಾರೆ, ಸಿಕ್ಕದ್ದನ್ನು ದುಡಿದಷ್ಟಕ್ಕೆ ತಕ್ಕಂತೆ ಹಂಚಿಕೊಳ್ಳುತ್ತಾರೆ.

ಬಸವಣಪ್ಪನವರಿಗೆ ಮಾತ್ರ ಬೇರೆಯೇ ಆಸೆ. ಅವರು ಮೂಟೆಯ ಮೇಲೆ ಕುಳಿತು ಮೆಲ್ಲಗೆ ಕೇಳಿದರು, "ಬಾಯಿ, ಯಾವ ಪೂಲಿಗೂ ಸೇರದೆ ನಾವಷ್ಟೇ ಹುಡುಕಿದ್ರ ಇಡೀ ಬ್ಲಾಕ್ ನಮಗೇ ಸಿಗ್ತದಂತಲ್ಲ?"

"ಸಿಗ್ತದ್ರಿ. ಆದ್ರ ಈ ಎರಡು ಮಷೀನ್ ಮ್ಯಾಲ, ಬಿಸಿಲು ಇದ್ದಾಗಷ್ಟೇ ನಡಿಸಿದ್ರ, ಮುನ್ನೂರು ವರ್ಷ ಕಾಯಬೇಕಾಗ್ತದ್ರಿ."

ಅವರು ಕಿಟಕಿಯಾಚೆ ನೋಡಿದರು. "ಮುನ್ನೂರು ವರ್ಷದಾಗ ಮೊದಲನೇ ದಿನಾನೂ ಇರ್ತದಲ್ಲ," ಎಂದರು.

ಅದು ದುರಾಸೆಯ ಮಾತಲ್ಲ ಎಂದು ರತ್ನಮಾಲಾಳಿಗೆ ಗೊತ್ತಾಯಿತು. ಅವರೂ ಅವಳಂತೆಯೇ ಎಚ್ಚರದಲ್ಲೇ ಎಲ್ಲೋ ಹೋಗಿಬಿಡುವ ಜೀವ. ಅದಕ್ಕೇ ಅವಳು ನಗಲಿಲ್ಲ. ಮೊದಲು ಪೂಲಿಗೆ ಸೇರಿಸೋಣ, ಆಮೇಲೆ ನೋಡೋಣ ಎಂದಳು.

ಪೂಲುಗಳೋ ಹತ್ತಾರು. ಕೆಲವು ಪೂಲುಗಳು, ಬ್ಲಾಕು ಸಿಗಲಿ ಬಿಡಲಿ, ಯಂತ್ರ ದುಡಿದಷ್ಟಕ್ಕೆ ದಿನಾ ಕೊಡುತ್ತಿದ್ದವು, ಆದರೆ ಹೆಚ್ಚು ಶುಲ್ಕ ಹಿಡಿಯುತ್ತಿದ್ದವು. ಕೆಲವು, ಬ್ಲಾಕು ಸಿಕ್ಕ ದಿನ ಮಾತ್ರ ಹಂಚುತ್ತಿದ್ದವು. ಕೆಲವುಗಳ ಸರ್ವರು ಸಮುದ್ರದಾಚೆ ಎಲ್ಲೋ ದೂರದಲ್ಲಿತ್ತು. ಯಂತ್ರ ಕಂಡುಕೊಂಡ ಉತ್ತರ ಹೋಗಿ ಮುಟ್ಟುವಷ್ಟರಲ್ಲಿ ಹಳಸಿಹೋಗುವ ಭಯ. ಅವಳು ಬಸ್ಸಿನಲ್ಲಿ ಕುಳಿತು ಒಂದೊಂದನ್ನೇ ಓದಿದಳು. ಮನೆಗೆ ಬಂದು ರೊಟ್ಟಿ ತಟ್ಟುತ್ತಿದ್ದ ತಾಯಿಯ ಪಕ್ಕ ಕುಳಿತಾಗಲೂ ಅದೇ ಗುಂಗು. ಮುಕ್ತಾಬಾಯಿ ಏನದು ಎಂದು ಕೇಳಿದಳು. ರತ್ನಮಾಲಾ ತಿಳಿಯುವ ಮಾತಿನಲ್ಲಿ ಹೇಳಿದಳು: ಒಂದು ಕಡೆ ದಿನಗೂಲಿ, ಇನ್ನೊಂದು ಕಡೆ ಪಾಲು, ಯಾವುದು ಒಳ್ಳೆಯದು ಎಂದು ನೋಡುತ್ತಿದ್ದೇನೆ.

ಮುಕ್ತಾಬಾಯಿ ಕೊಹಿನೂರಿನಲ್ಲಿ ನಲವತ್ತು ವರ್ಷ ಬೇರೆಯವರ ಹೊಲದಲ್ಲಿ ದುಡಿದವಳು. ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕಿ ಹೇಳಿದಳು, "ಕೂಲಿ ಅಂದ್ರ ಅವತ್ತಿಂದು ಅವತ್ತೇ ಕೈಗಿ ಬರ್ತದ. ಪಾಲಿಗಿ ಮಾಡಿದ್ರ ಜಾಸ್ತಿ ಬರಬಹುದು, ಖರೆ. ಆದ್ರ ಕಣದಾಗ ಕಾಳು ಅಳೆಯೋರು ಯಾರು, ಅದು ನೋಡು ಮೊದಲ. ನಾ ಒಂದು ವರ್ಷ ಪಾಲಿಗಿ ಮಾಡಿ, ಅಳೆಯೋ ಹೊತ್ತಿನಾಗ ನೀರು ತರಾಕ ಹೋಗಿದ್ದೆ."

ಅಷ್ಟೇ ಹೇಳಿ ಅವಳು ಒಲೆ ಕಡೆ ತಿರುಗಿದಳು. ರತ್ನಮಾಲಾ ಆ ವರ್ಷವನ್ನು ನೆನಪಿಸಿಕೊಳ್ಳಲು ನೋಡಿದಳು. ಬರೇ ಒಂದು ತಾಮ್ರದ ಕೊಡ, ಅದರ ಬಾಯಿಯಿಂದ ತುಳುಕುವ ನೀರು ಕಣ್ಣಿಗೆ ಬಂತು.

ದಿನಗೂಲಿಯ ಪೂಲೊಂದನ್ನು ಆರಿಸಿದಳು. ಸರ್ವರು ಹತ್ತಿರದ್ದು. ಅದರ ಸಂಪರ್ಕ ಕೈಕೊಟ್ಟರೆ ಯಂತ್ರ ತಾನಾಗಿ ಹೋಗಿ ಸೇರಲು ಎರಡನೆಯದೊಂದು ಪೂಲಿನ ವಿಳಾಸವನ್ನೂ ತುಂಬಿದಳು. ಪ್ರತಿ ಯಂತ್ರಕ್ಕೂ ಒಂದು ಹೆಸರು ಕೊಡಬೇಕೆಂದು ಪೂಲಿನ ಪುಟ ಕೇಳಿತು. ಒಂದಕ್ಕೆ ಕೊಹಿನೂರ ಎಂದಳು, ಇನ್ನೊಂದಕ್ಕೆ ಬಸವಕಲ್ಯಾಣದ ಪಕ್ಕದೂರಿನ ಹೆಸರು, ನಾರಾಯಣಪುರ. ಕೊಹಿನೂರ ಎಂದರೆ ಜಗತ್ತೆಲ್ಲ ವಜ್ರ ಅಂದುಕೊಳ್ಳುತ್ತದೆ. ತೊಗರಿ ಹೊಲಗಳ ಊರೊಂದು ತಮ್ಮ ಜೊತೆ ದುಡಿಯುತ್ತಿದೆ ಎಂದು ಆ ಸಾವಿರಾರು ಜನರಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ. ಅವಳಿಗೆ ಅದು ಹಿತವೆನಿಸಿತು. ಹಿಮ ಬೀಳುವ ದೇಶದಲ್ಲಿ ಯಾರೋ ಇದೇ ಯಂತ್ರದ ಬಿಸಿಗೆ ಕೈ ಕಾಯಿಸಿಕೊಳ್ಳುತ್ತಿರಬಹುದು. ಇನ್ನೆಲ್ಲೋ ಅಣೆಕಟ್ಟಿನ ಕೆಳಗೆ ಯಾರೋ ಜಲಪಾತದ ಸದ್ದಿನಲ್ಲಿ ಪಂಖಗಳ ಸದ್ದು ಕೇಳದೆ ಕುಳಿತಿರಬಹುದು. ಅವರ ಸೋಲು ಇವರ ಸೋಲು ಎಲ್ಲ ಒಂದೇ ರಾಶಿಗೆ ಬೀಳುತ್ತಿತ್ತು.

ಯಂತ್ರಗಳ ಒಳಗಿನ ಸಾಫ್ಟ್‌ವೇರನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಅದು ಶರಣಕುಮಾರ ಕಳಿಸಿದ್ದು. ಕಂಪನಿಯದಕ್ಕಿಂತ ಚುರುಕು, ಪುಕ್ಕಟೆ ಬೇರೆ ಎಂದು ಅವನು ಯಾವುದೋ ಗುಂಪಿನಿಂದ ತೆಗೆದು ಹಾಕಿಸಿದ್ದ.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನದ ಬುತ್ತಿ ಬಿಚ್ಚಿಕೊಂಡು ಮಾಳಿಗೆಯ ಕೋಣೆಯಲ್ಲಿ ಕುಳಿತಿದ್ದಳು. ಫೋನಿನಲ್ಲಿ ತೆರೆದ ಯಂತ್ರದ ಪುಟದಲ್ಲಿ ವೇಗದ ಗೆರೆ ಸಮವಾಗಿ ಹರಿಯುತ್ತಿತ್ತು. ಪೂಲಿನ ಪುಟದಲ್ಲಿ ಅದೇ ಯಂತ್ರದ ಗೆರೆ ತಾಸಿಗೊಮ್ಮೆ ಏಳೆಂಟು ನಿಮಿಷ ತಗ್ಗುತ್ತಿತ್ತು, ಉಸಿರು ಬಿಟ್ಟ ಎದೆಯ ಹಾಗೆ. ಪಂಖದ ಸದ್ದಿನಲ್ಲಿ ಏನೂ ಬದಲಾಗುತ್ತಿರಲಿಲ್ಲ. ದುಡಿತ ನಡೆದೇ ಇದೆ, ಆದರೆ ಅಳತೆಗೆ ಬರುತ್ತಿಲ್ಲ. ತಾಯಿಯ ಮಾತು ನೆನಪಾಗಿ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಆ ಏಳೆಂಟು ನಿಮಿಷ ಇದು ಎಲ್ಲಿಗೆ ಹೋಗುತ್ತದೆ?

ಮರುದಿನ ತನ್ನ ಮಳಿಗೆಯಿಂದ ಒಂದು ರೌಟರ್ ತಂದು ಯಂತ್ರಗಳಿಗೂ ಇಂಟರ್ನೆಟ್ಟಿಗೂ ನಡುವೆ ಕೂರಿಸಿದಳು. ಯಂತ್ರ ಯಾರ ಯಾರ ಜೊತೆ ಮಾತಾಡುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. ತಾಸು ತುಂಬುವ ಹೊತ್ತಿಗೆ ಪೂಲಿನ ವಿಳಾಸ ಕೆಳಗಿಳಿದು ಇನ್ನೊಂದು ವಿಳಾಸ ಮೇಲೆ ಬಂತು. ಅವಳು ತುಂಬಿದ್ದಲ್ಲ, ಯಾರ ಪಟ್ಟಿಯಲ್ಲೂ ಇಲ್ಲದ್ದು. ಏಳು ನಿಮಿಷದ ನಂತರ ಅದು ಮರೆಯಾಯಿತು. ಅವಳು ಆ ವಿಳಾಸಕ್ಕೆ ಹೋಗುವ ದಾರಿಯನ್ನು ಮುಚ್ಚಿದಳು. ಮುಂದಿನ ತಾಸಿಗೆ ಎರಡೂ ಯಂತ್ರಗಳು ಕೆಂಪು ದೀಪ ಹಚ್ಚಿಕೊಂಡು ನಿಂತುಬಿಟ್ಟವು. ಕೋಣೆ ಎಷ್ಟು ಮೌನವಾಯಿತೆಂದರೆ, ಕೆಳಗೆ ಯಾರೋ ಜರಡಿ ಹಿಡಿಯುತ್ತಿದ್ದದ್ದು ಕೇಳಿಸಿತು.

ಹೇಳುವುದು ಕಷ್ಟವಿತ್ತು. ಕೊಟ್ಟವನು ಮನೆಯ ಹುಡುಗ, ಹೇಳುವವಳು ಹೊರಗಿನವಳು. ಅವಳು ಕೆಳಗಿಳಿದು ಬಸವಣಪ್ಪನವರ ಎದುರು ನಿಂತು ಹೇಳಿದಳು, "ಸಾವಕಾರ್ರೆ, ನಮ್ಮ ಮಷೀನ್ ತಾಸಿಗೊಮ್ಮೆ ಬ್ಯಾರೆಯವರ ಮನಿಗಿ ದುಡಿಯಾಕ ಹೋಗಾಕತ್ತಾವ್ರಿ. ಹೋಗಬ್ಯಾಡ ಅಂದ್ರ ನಿಂತುಬಿಡ್ತಾವ."

ಅವರು ಶರಣಕುಮಾರನಿಗೆ ಫೋನು ಹಚ್ಚಿದರು. ಅವನು ನಕ್ಕ. ಬೋರ್ಡು ರಿಪೇರಿ ಮಾಡುವವರಿಗೆ ಇದೆಲ್ಲ ತಿಳಿಯದು, ಸಾಫ್ಟ್‌ವೇರ್ ಬರೆದವರು ಚೂರುಪಾರು ತೆಗೆದುಕೊಳ್ಳುವುದು ರೂಢಿ ಎಂದ. ಬಸವಣಪ್ಪನವರು ಫೋನನ್ನು ರತ್ನಮಾಲಾಳ ಕೈಗೆ ಕೊಟ್ಟರು. ಅವಳು ವಾದಕ್ಕೆ ಹೋಗಲಿಲ್ಲ. ಹೇಳಿ ತೆಗೆದುಕೊಳ್ಳುವವರಿದ್ದಾರೆ, ಅದು ನನಗೂ ಗೊತ್ತು. ಇದು ಹೇಳದೆ ತೆಗೆದುಕೊಳ್ಳುತ್ತಿದೆ ಎಂದಳು. ನಿನ್ನಲ್ಲಿರುವ ಯಂತ್ರಗಳಿಗೂ ಹೀಗೇ ದಾರಿ ಮುಚ್ಚಿ ನೋಡು ಎಂದು ವಿಳಾಸವನ್ನು ನಿಧಾನವಾಗಿ, ಒಂದೊಂದೇ ಅಂಕಿ ಬಿಡಿಸಿ ಹೇಳಿದಳು. ಆ ಕಡೆ ನಗು ನಿಂತು, ಕಾಗದದ ಮೇಲೆ ಪೆನ್ನು ಓಡುವ ಸದ್ದು ಕೇಳಿಸಿತು.

ಹತ್ತು ದಿನ ಅವನಿಂದ ಸುದ್ದಿಯಿಲ್ಲ. ಅಷ್ಟರಲ್ಲಿ ಅವಳು ಎರಡೂ ಯಂತ್ರಗಳ ಒಳಗನ್ನು ತೊಳೆದಂತೆ ಅಳಿಸಿ, ಕಂಪನಿಯ ಮೂಲ ಸಾಫ್ಟ್‌ವೇರನ್ನು ಮೆಮರಿ ಕಾರ್ಡಿನಿಂದ ತುಂಬಿದಳು. ಆಮೇಲೆ ಹುಡುಕಿ ಹುಡುಕಿ, ಬರೆದ ಪ್ರತಿ ಸಾಲನ್ನೂ ಯಾರು ಬೇಕಾದರೂ ತೆರೆದು ನೋಡಬಹುದಾದಂಥ ಇನ್ನೊಂದನ್ನು ಆರಿಸಿದಳು. ಅದರಲ್ಲಿ ಯಂತ್ರದ ವೇಗವನ್ನು ತಗ್ಗಿಸಬಹುದಿತ್ತು. ಬಿಸಿಲು ಏರಿದಂತೆ ಯಂತ್ರ ಏರಬೇಕು, ಮೋಡ ಬಂದರೆ ದನಿ ತಗ್ಗಿಸಬೇಕು, ಸಂಜೆಗೆ ಮಲಗಬೇಕು: ಹಾಗೆ ಹೊಂದಿಸಲು ಅವಳಿಗೆ ವಾರ ಹಿಡಿಯಿತು. ಆ ವಾರದಲ್ಲಿ ಅವಳು ಆಕಾಶವನ್ನು ನೋಡಿದಷ್ಟು ಜನ್ಮದಲ್ಲಿ ನೋಡಿರಲಿಲ್ಲ. ಕಿಟಕಿಯಲ್ಲಿ ನೆರಳು ಸರಿಯುತ್ತಿದ್ದಂತೆ ಪಂಖಗಳ ಸದ್ದು ಇಳಿಯುವುದು, ಮತ್ತೆ ಬೆಳಕು ಬಂದಾಗ ಮೆಲ್ಲಗೆ ಏರುವುದು. ಮೋಡವೊಂದು ಮಾಳಿಗೆಯ ಮೇಲೆ ನಡೆದು ಹೋದದ್ದನ್ನು ಕಣ್ಣು ಮುಚ್ಚಿಯೇ ಹೇಳಬಹುದಿತ್ತು.

ಹನ್ನೊಂದನೇ ದಿನ ಶರಣಕುಮಾರ ತಾನೇ ಬಂದ. ಅವನ ಒಂಬತ್ತು ಯಂತ್ರಗಳೂ ಕೆಂಪು ದೀಪ ಹಚ್ಚಿಕೊಂಡು ನಿಂತಿದ್ದವಂತೆ. ಒಂದೂವರೆ ವರ್ಷದಿಂದ ಅವು ಹಾಗೆ ಹೋಗಿ ಬಂದು ಮಾಡುತ್ತಿದ್ದವು. ಅವನು ಮಾಳಿಗೆಯ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದ.

"ಅಕ್ಕಾ, ತಪ್ಪಾಯ್ತು. ನನಗೆ ಇದು ಹ್ಯಾಂಗ ಮಾಡೂದು ಕಲಿಸ್ರಿ," ಎಂದ.

ರತ್ನಮಾಲಾ ಪಕ್ಕಕ್ಕೆ ಸರಿದು ಸ್ಟೂಲು ಕೊಟ್ಟಳು. ಸಂಜೆಯವರೆಗೂ ಇಬ್ಬರೂ ಕುಳಿತರು. ಅವನ ಕಡೆಯಿಂದಲೇ ಉಮರ್ಗಾದಿಂದ ಒಬ್ಬರು, ಸೊಲ್ಲಾಪುರದಿಂದ ಇಬ್ಬರು ಮುಂದೆ ಅವಳಿಗೆ ಫೋನು ಮಾಡಿದರು. ಯಾವ ಪೂಲು, ಯಾವ ಸಾಫ್ಟ್‌ವೇರ್ ಎಂದು ಕೇಳುವವರಿಗೆಲ್ಲ ಅವಳು ಮೊದಲು ಕೇಳುವುದು ಒಂದೇ: ಕರೆಂಟು ಎಲ್ಲಿಂದ ಬರುತ್ತದೆ, ದಿನದಲ್ಲಿ ಎಷ್ಟು ತಾಸು? ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ ಎನ್ನುತ್ತಾಳೆ.

ಬಸವಣಪ್ಪನವರ ಆಸೆಯನ್ನು ಅವಳು ಮರೆಯಲಿಲ್ಲ. ದೀಪಾವಳಿ ಕಳೆದ ಮೇಲೆ, ಕೊಹಿನೂರ ಹೆಸರಿನ ಯಂತ್ರವನ್ನು ದಿನಗೂಲಿಯಲ್ಲೇ ಬಿಟ್ಟು, ನಾರಾಯಣಪುರವನ್ನು ಪಾಲಿನ ಪೂಲೊಂದಕ್ಕೆ ಬದಲಿಸಿದಳು. ಸಣ್ಣ ಪೂಲು. ಅದಕ್ಕೆ ಬ್ಲಾಕು ಸಿಗುವುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಆದರೆ ಯಾರು ಎಷ್ಟು ದುಡಿದರು, ಯಾರಿಗೆ ಎಷ್ಟು ಹೋಯಿತು ಎಂಬುದೆಲ್ಲ ಅದರ ಪುಟದಲ್ಲಿ ಬಿಚ್ಚಿಟ್ಟಂತೆ ಇರುತ್ತಿತ್ತು. ಮುನ್ನೂರು ವರ್ಷವಲ್ಲ, ಒಂದಷ್ಟು ದಿನದ ಕಾಯುವಿಕೆ. ಬಸವಣಪ್ಪನವರಿಗೆ ಅಷ್ಟು ಸಾಕಾಗಿತ್ತು. ದಿನಾ ಹನ್ನೊಂದಕ್ಕೆ ಮಾಳಿಗೆ ಹತ್ತಿ ಬಂದು, ಏನಾದರೂ ಸಿಕ್ಕಿತೇ ಎಂದು ಕೇಳುವರು. ಇಲ್ಲ ಎಂದರೆ ಸಮಾಧಾನದಿಂದ ತಲೆಯಾಡಿಸಿ, ಬಿಸಿಗಾಳಿಗೆ ಒಂದು ಗಳಿಗೆ ಮೊಣಕಾಲು ಒಡ್ಡಿ ಕುಳಿತು ಇಳಿದು ಹೋಗುವರು.

ಐದು ವಾರ ಹಾಗೆ ಹೋದವು. ಮಾರ್ಗಶಿರದ ಚಳಿ ಬಿದ್ದ ಒಂದು ಸಂಜೆ ರತ್ನಮಾಲಾ ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದಳು. ಬಸವಕಲ್ಯಾಣದ ಬಂಗ್ಲಾ ಕ್ರಾಸ್ ಇನ್ನೂ ದೂರವಿತ್ತು. ಕೊಯ್ಲಾದ ಹೊಲಗಳ ಮೇಲೆ ಹೊಗೆಯಂಥ ಬೆಳಕು ನಿಂತಿತ್ತು. ಫೋನು ಒಮ್ಮೆ ಅದುರಿತು. ಸಣ್ಣ ಪೂಲಿಗೆ ಬ್ಲಾಕು ಸಿಕ್ಕಿತ್ತು. ಹುಡುಕಿ ತೆಗೆದದ್ದು ಅವಳ ಯಂತ್ರವಲ್ಲ. ಎಲ್ಲಿಯದೋ, ಹೆಸರಿನ ಬದಲು ಬರೇ ಒಂದು ಅಂಕಿ ಇಟ್ಟುಕೊಂಡ ಯಾರದೋ ಯಂತ್ರ. ಆದರೆ ಪಟ್ಟಿಯನ್ನು ಬೆರಳಿನಿಂದ ಸರಿಸುತ್ತ ಹೋದಂತೆ, ಬಹಳ ಕೆಳಗೆ, ನಾರಾಯಣಪುರ ಎಂಬ ಹೆಸರೂ ಇತ್ತು. ಅದರ ಮುಂದೆ ಒಂದು ಸಣ್ಣ ಪಾಲು.

ಅವಳು ಬಸವಣಪ್ಪನವರಿಗೆ ಫೋನು ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಸಿಕ್ತು ಅನ್ರಿ," ಎಂದಷ್ಟೇ ಹೇಳಿದರು.

ಪಕ್ಕದಲ್ಲಿ ಮೆಹರೀನ್ ಕುಳಿತಿದ್ದಳು, ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪೊಟ್ಟಣ ಕಟ್ಟುವ ಹುಡುಗಿ, ದಿನವೂ ಇದೇ ಬಸ್ಸಿಗೆ ಬರುವವಳು. ಏನು ಸಿಕ್ಕಿತು ಅಕ್ಕಾ ಎಂದು ಕೇಳಿದಳು. ರತ್ನಮಾಲಾ ಹೇಳತೊಡಗಿದಳು, ಊಹೆಯ ಅಂಕಿಗಳ ಬಗ್ಗೆ, ಹಿಮದ ದೇಶದಲ್ಲಿ ಕೈ ಕಾಯಿಸಿಕೊಳ್ಳುವವರ ಬಗ್ಗೆ, ಒಬ್ಬರನ್ನೊಬ್ಬರು ಕಾಣದೆ ಒಂದೇ ಕಣದಲ್ಲಿ ದುಡಿಯುವ ಸಾವಿರಾರು ಜನರ ಬಗ್ಗೆ. ಮೆಹರೀನ್ ಹೂಂಗುಟ್ಟುತ್ತಲೇ ಇದ್ದಳು. ಹೂಂಗಳ ನಡುವಿನ ಅಂತರ ಹೆಚ್ಚುತ್ತ ಹೋಯಿತು. ಕೊನೆಗೆ ಅವಳ ತಲೆ ರತ್ನಮಾಲಾಳ ಭುಜದ ಮೇಲೆ ಇಳಿಯಿತು. ರತ್ನಮಾಲಾ ಅಲುಗಾಡದೆ, ದನಿ ಮಾತ್ರ ತಗ್ಗಿಸಿ, ಉಳಿದದ್ದನ್ನು ಹೇಳುತ್ತಲೇ ಇದ್ದಳು.