ಜಾನಮ್ಮನ ಚಪ್ಪರ ಹತ್ತದ ಅವರೆ

ಕನ್ನಡ ಮಾತಿನ ತಾಳವಾಡಿ ಬೆಟ್ಟದಿಂದ ತಮಿಳು ಬಯಲಿನ ಅವಿನಾಶಿಗೆ ಸೊಸೆಯಾಗಿ ಬಂದ ಜಾನಮ್ಮನಿಗೆ ತಮಿಳಿನ ಬಗ್ಗೆ ಗಟ್ಟಿಯಾದ ಒಂದು ಸಿದ್ಧಾಂತವಿತ್ತು: ಕನ್ನಡದ ಮಾತನ್ನು ಎಳೆದರೆ ತಮಿಳಾಗುತ್ತದೆ. ತಲೆಯನ್ನು ತಲೈ ಎಂದಳು, ಮಳೆಯನ್ನು ಮಳೈ ಎಂದಳು, ಬೀದಿ ಒಪ್ಪಿಕೊಂಡಿತು. ನಡೆಯುವ ಸರಕನ್ನು ಯಾರು ತಾನೇ ಬದಲಿಸುತ್ತಾರೆ?

ಅವಳ ಗಂಡ ಅಯ್ಯಾಸಾಮಿಗೆ ಎರಡು ವಿದ್ಯುತ್ ಮಗ್ಗಗಳಿದ್ದವು. ಮೂರನೆಯದಕ್ಕೆ ಹಿತ್ತಲಿನ ಮೇಲೆ ಕಣ್ಣಿಟ್ಟಿದ್ದ. ಜಾನಮ್ಮನಿಗೋ ಆ ಮನೆಯಲ್ಲಿ ಮಗ್ಗದ ಸದ್ದು ಸ್ವಲ್ಪ ತಗ್ಗುತ್ತಿದ್ದ ಜಾಗ ಅದೊಂದೇ. ಹಟ ಹಿಡಿದು ಕೂತಳು.

“ಎರಡು ಪೊಂಗಲ್ ಟೈಮ್ ಕೊಡ್ತೀನಿ,” ಎಂದ ಅಯ್ಯಾಸಾಮಿ. “ಅಷ್ಟರೊಳಗೆ ಅಲ್ಲಿಂದ ಏನಾದ್ರೂ ಒಂದು ಈ ಮನೆಗೆ ಉಪಯೋಗಕ್ಕೆ ಬಂದ್ರೆ ನೆಲ ನಿಂದು. ಇಲ್ಲಾಂದ್ರೆ ಅಲ್ಲಿಗೆ ಮೂರನೇ ತರಿ ಬರುತ್ತೆ.” ಮಗ್ಗಕ್ಕೆ ಅಲ್ಲಿ ತರಿ ಎನ್ನುತ್ತಾರೆ.

ಇದು ಎಂಬತ್ತೊಂದರ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ. ಅವರೆ ಹಾಕೋಣವೆಂದು ಜಾನಮ್ಮ ಹೊರಟಳು. ಕೊನೆಯನ್ನು ಮಾತ್ರ ಎಳೆದು ಅವರೈ ಎಂದಿದ್ದರೆ ಸಾಕಿತ್ತು. ಆದರೆ ಅವಳದು ಧಾರಾಳದ ಕೈ. ಮುಂದೆ, ನಡುವೆ, ಹಿಂದೆ ಎಲ್ಲ ಕಡೆಯೂ ಎಳೆದು, ನಾಟಿಮದ್ದಿನ ಅಂಗಡಿಯ ಮೈಲ್‌ಸಾಮಿಯ ಹತ್ತಿರ ಆವಾರೈ ಬೀಜ ಕೇಳಿದಳು. ಯಾರಿಗಮ್ಮ ಸಕ್ಕರೆ ಕಾಯಿಲೆ ಎಂದು ಆತ ಮರುಕದಿಂದ ವಿಚಾರಿಸಿದ. ಹಿತ್ತಲಿಗೆ ಎಂದಳು. ಮೈಲ್‌ಸಾಮಿ ಅನುಭವಸ್ಥ, ಗಿರಾಕಿ ಖುಷಿಯಾಗಿದ್ದಾಗ ಎರಡನೇ ಪ್ರಶ್ನೆ ಕೇಳುವವನಲ್ಲ. ಪೊಟ್ಟಣ ಕಟ್ಟಿಕೊಟ್ಟ.

ಬೀಜ ನೋಡಿದರೆ ಅವರೆಯ ಕಾಲು ಭಾಗವೂ ಇರಲಿಲ್ಲ. ಬಯಲುಸೀಮೆಯ ಅವರೆ ಹೀಗೇ ಬಡಕಲಿರಬೇಕು ಎಂದುಕೊಂಡು ಬಿತ್ತಿ, ನಾಲ್ಕು ಬಿದಿರು ನೆಟ್ಟು, ಗಂಡನ ಮಗ್ಗದ ಹಳೇ ನೂಲಿನಿಂದಲೇ ಅಂದವಾದ ಚಪ್ಪರ ಹಾಕಿದಳು. ಸಸಿಗಳು ಬಂದವು. ಚಪ್ಪರದತ್ತ ಒಂದೂ ತಿರುಗಿ ನೋಡಲಿಲ್ಲ. ಬಳ್ಳಿಗೆ ದಾರಿ ಗೊತ್ತಾಗಲಿಲ್ಲವೇನೋ ಎಂದು ಅವುಗಳ ಸೊಂಟಕ್ಕೆ ನೂಲು ಕಟ್ಟಿ ಎಳೆದೂ ನೋಡಿದಳು. ದಿನಕ್ಕೆರಡು ಬಿಂದಿಗೆ ನೀರು ಸುರಿದರೆ ಎಲೆ ಹಳದಿಯಾಗಿ ಉದುರಿತು; ಅಕ್ಕನ ಬಾಣಂತನಕ್ಕೆ ತವರಿಗೆ ಹೋಗಿ ತಿಂಗಳು ನೀರು ತಪ್ಪಿಸಿ ಬಂದರೆ, ಹಸಿರಾಗಿ ಮಂಡಿಯೆತ್ತರ ನಿಂತಿತ್ತು.

ಆಗ ಗುರುತು ಹತ್ತಿತು. ತಂಗಡಿ! ತಮಿಳಿನಲ್ಲಿ ಆವಾರೈ ಎನ್ನುವುದು ಇದಕ್ಕೇ. ಅವಳ ಊರಿನ ಬೋರೆಯಲ್ಲಿ ಯಾರೂ ಕೇಳದೆ ಬೆಳೆಯುವ ಗಿಡ. ಅದನ್ನು ಹಿತ್ತಲಲ್ಲಿ ನೆಡುವುದೆಂದರೆ ಕಲ್ಲು ನೆಟ್ಟು ನೀರು ಹಾಕಿದಂತೆ. ಮೊದಲನೆಯ ಪೊಂಗಲ್ ಆಗಲೇ ಕಳೆದಿತ್ತು. ಒಂದು ಗಳಿಗೆ ಅಳು ಬಂತು, ಮರುಗಳಿಗೆ ನಗು. ಒಬ್ಬಳೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಗಂಡ ಕೇಳಿದಾಗ, ಇದು ಬಳ್ಳಿಯಲ್ಲ, ಗಿಡ-ಅವರೆ, ನಿಧಾನಕ್ಕೆ ಕಾಯಿಬಿಡುತ್ತದೆ ಎಂದು ಸುಳ್ಳೂ ಹೇಳಿದಳು. ಅದೇ ನೆಪವಾಗಿ ಒಳ್ಳೆ ಬೇಸಾಯ ಶುರುವಾಯಿತು: ನೀರು ಬಂದ್, ತುದಿ ಚಿವುಟುವುದು, ಬುಡಕ್ಕೆ ಕಲ್ಲುಪುಡಿ. ಗಿಡ ಕೊಡೆಯಂತೆ ಹರಡಿತು.

ಎಂಬತ್ತೆರಡರಲ್ಲಿ ಮಳೆ ಕೈಕೊಟ್ಟಿತು. ಬೀದಿಯ ಬಾಳೆ, ಬದನೆ, ಕನಕಾಂಬರ ಎಲ್ಲ ಸುಟ್ಟುಹೋದವು. ಜಾನಮ್ಮನ ಹಿತ್ತಲು ಮಾತ್ರ ಮಾರ್ಗಳಿ ತಿಂಗಳ ಕೊನೆಗೆ, ಎರಡನೇ ಪೊಂಗಲ್ ಹತ್ತಿರವಾದಾಗ, ಬುಡದಿಂದ ತುದಿವರೆಗೆ ಹಳದಿ ಹೂ ಹೊದ್ದು ನಿಂತಿತು.

ಪೊಂಗಲ್ ಹಿಂದಿನ ದಿನ ಆ ಸೀಮೆಯಲ್ಲಿ ಪ್ರತಿ ಮನೆಯ ಸೂರಿಗೂ ಕಾಪ್ಪು, ಅಂದರೆ ರಕ್ಷೆ, ಕಟ್ಟಬೇಕು: ಬೇವಿನ ಸೊಪ್ಪು, ಬಿಳಿ ಪೂಳೈಹೂ, ಜೊತೆಗೆ ತಂಗಡಿ ಹೂ. ಕಟ್ಟದೆ ಹೊತ್ತು ಮುಳುಗಬಾರದು. ಬಯಲಿನ ತಂಗಡಿಯನ್ನೆಲ್ಲ ಆ ವರ್ಷ ತೊಗಲು ಹದಮಾಡುವವರು ತೊಗಟೆಗೆಂದು ಕಡಿದೊಯ್ದಿದ್ದರು. ಬೆಳಿಗ್ಗೆ ಪಕ್ಕದ ಮನೆಯ ತಂಗಮಣಿ ಒಂದು ಗೊಂಚಲು ಕೇಳಿಕೊಂಡು ಬಂದಳು. ಅವಳ ಹಿಂದೆಯೇ ಬೀದಿ ಬಂತು. ಜಾನಮ್ಮ ಬುಟ್ಟಿ ಹಿಡಿದು ರಾಣಿಯಂತೆ ಕೊಯ್ದು ಹಂಚಿದಳು. ಕೇಳಿದವರಿಗೆಲ್ಲ ಒಂದು ಗೊಂಚಲು, ಹೊಗಳಿದವರಿಗೆ ಎರಡು.

ಅತ್ತೆ ರಾಮಾತಾಳ್ ಬಾಗಿಲಲ್ಲಿ ಕೂತು ಬೇವು ಬಿಡಿಸುತ್ತಿದ್ದಳು. “ಇದು ಅವರೆ ಅಲ್ಲಾಂತ ನಾಲ್ಕೆಲೆ ಇದ್ದಾಗ್ಲೇ ನನಗೆ ಗೊತ್ತಿತ್ತು ಕಣಮ್ಮಾ,” ಎಂದಳು.

“ಒಂದು ಮಾತು ಹೇಳಬಾರದಿತ್ತಾ ಅತ್ತೆ?”

“ಹೇಳಿದ್ರೆ ನೀನು ಕಿತ್ತು ಬಿಸಾಕ್ತಿದ್ದೆ.”

ಸಂಜೆ ಅಯ್ಯಾಸಾಮಿ ಬೆವರೊರೆಸುತ್ತ ಬಂದ. ಮಗ್ಗದ ಮನೆಗೆ ಕಾಪ್ಪು ಕಟ್ಟಿರಲಿಲ್ಲ. ಕಟ್ಟದೆ ತರಿ ಮುಟ್ಟುವುದಿಲ್ಲ ಎಂದು ಕೂಲಿಯವರು ಹೇಳಿಬಿಟ್ಟಿದ್ದರಂತೆ. ಗಿಡಗಳಲ್ಲೆಲ್ಲ ಹೂ ಉಳಿದಿದ್ದು ಒಂದೇ ಕೊಂಬೆಯಲ್ಲಿ. ಅದರ ಮುಂದೆ ಜಾನಮ್ಮ ನಿಂತಿದ್ದಳು.

“ಇದು ಉಪಯೋಗದ ಲೆಕ್ಕಕ್ಕೆ ಬರುತ್ತಾ ಮಾಮಾ?” ಎಂದು ಗಂಡನನ್ನು ಕೇಳಿದಳು.

ಅವನು ಗಿಡ ನೋಡಿದ, ಮುಳುಗುತ್ತಿದ್ದ ಹೊತ್ತು ನೋಡಿದ. ಹಿಂದೆ ತಾಯಿ ಕೆಮ್ಮಿದಳು.

“ಬರುತ್ತೆ, ಕೊಡು,” ಎಂದ.

ಮೂರನೇ ಮಗ್ಗ ಪೊಂಗಲ್ ಕಳೆದ ತೈ ತಿಂಗಳಲ್ಲೇ ಬಂತು, ಮುಂದಿನ ಜಗಲಿಗೆ. ಅಲ್ಲಿ ಮಲಗುತ್ತಿದ್ದ ಅಯ್ಯಾಸಾಮಿ ಮಧ್ಯಾಹ್ನದ ನಿದ್ದೆಗೆ ಹಿತ್ತಲಿನ ನೆರಳು ಕೇಳಿದ. ಜಾನಮ್ಮ ಎರಡು ದಿನ ಯೋಚಿಸಿ ಒಪ್ಪಿದಳು; ಹೂ ಉದುರಿದರೆ ಅವನೇ ಗುಡಿಸಬೇಕು ಎಂಬ ಷರತ್ತಿನ ಮೇಲೆ.