ಕೌದಿಯ ಹೊಟ್ಟೆಗೆ ಆಚೆ ಕಡೆಯ ಜೋಳ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಹಾಲಿನ ಡೇರಿಯವನಿಗೆ ಹೇಳಿಯಾಯಿತು, ಕಬ್ಬು ಕಡಿಯಲು ಬಂದ ಹೆಂಗಸರಿಗೆ ಹೇಳಿಯಾಯಿತು, ಹಾದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳಿಯಾಯಿತು. ಇನ್ನು ಯಾರೂ ಉಳಿದಿಲ್ಲವೆಂದು ಬರೆಯಲು ಕುಳಿತಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದನ್ನು ಮಗಳು ತಿದ್ದುತ್ತಾಳೆ, ಸಂತೋಷವನ್ನು ಮಾತ್ರ ತಿದ್ದಬೇಡ ಎಂದು ಹೇಳಿಟ್ಟಿದ್ದೇನೆ.

ನಮ್ಮ ಊರು ಅಂಕಲಿಯ ಹತ್ತಿರ. ಸೊಸೆಯ ತವರು ಕೃಷ್ಣಾ ನದಿಯ ಸೇತುವೆ ದಾಟಿ, ಕಾಗವಾಡ ದಾಟಿ, ಮಹಾರಾಷ್ಟ್ರದೊಳಗೆ ಕಾಲಿಟ್ಟ ಕೂಡಲೇ ಸಿಗುವ ಊರು. ಹೇಳಿಕೊಳ್ಳುವಷ್ಟು ದೂರವೇನಲ್ಲ. ಆದರೂ ರಾಜ್ಯ ಬೇರೆ. ಕಾಗವಾಡದ ತನಕ ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ. ಅಲ್ಲಿಗೆ ನಮ್ಮ ಸರಕಾರದ ಪ್ರೀತಿ ಮುಗಿಯುತ್ತದೆ, ಇಳಿದು ಟಂಟಂ ರಿಕ್ಷಾ ಹತ್ತಬೇಕು. ಒಮ್ಮೊಮ್ಮೆ ಗಡಿಯ ಜಗಳ ಎದ್ದು ಬಸ್ಸುಗಳೇ ನಿಂತುಬಿಡುತ್ತವೆ. ಮಗನ ಮದುವೆಯ ಮಾತುಕತೆಯ ದಿನವೂ ಹಾಗೆಯೇ ಆಗಿತ್ತು. ಬೀಗರು ಮೋಟಾರ್ ಸೈಕಲ್ಲಿನ ಮೇಲೆ ಕಬ್ಬಿನ ಹೊಲಗಳ ನಡುವಿನಿಂದ ಬಂದು, ಹೋಳಿಗೆ ಉಂಡು, ಹೆಣ್ಣು ಕೊಡುತ್ತೇವೆಂದು ಹೇಳಿ ಹೋದರು.

ಹನ್ನೆರಡನೆಯ ದಿನ ಸೊಸೆಯ ತವರಿನಲ್ಲೇ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಸೊಸೆಗೆ ದಿನ ತುಂಬುವ ಮೊದಲೇ ನಾನು ಕೌದಿ ಹೊಲಿಯಲು ಕುಳಿತಿದ್ದೆ. ನಮ್ಮ ಅತ್ತೆಯ ಇಳಕಲ್ಲ ಸೀರೆ, ಮನೆಯವರ ಹಳೆಯ ಧೋತರ, ಸೊಸೆಯದೇ ಒಂದು ಓಢಣಿ, ಎಲ್ಲ ಹರಿದು ತುಂಡು ಮಾಡಿ ಸೇರಿಸಿದ್ದೆ. ಕೌದಿಯ ನಡುವಿನ ತುಂಡಿಗೆ ನಾವು ಹೊಟ್ಟೆ ಅನ್ನುತ್ತೇವೆ. ಅದನ್ನು ಮೂರು ಕಡೆ ಹೊಲಿದು ಒಂದು ಕಡೆ ಬಿಟ್ಟಿರುತ್ತೇವೆ. ಕೂಸನ್ನು ಮಲಗಿಸುವ ದಿನ ಅದರೊಳಗೆ ಮನೆಯ ಜೋಳ ನಾಲ್ಕು ಕಾಳು ಹಾಕಿ ಬಾಯಿ ಮುಚ್ಚಬೇಕು. ಹೊಟ್ಟೆ ತುಂಬದ ಕೌದಿಯ ಮೇಲೆ ಕೂಸನ್ನು ಹಾಕುವಂತಿಲ್ಲ. ಅತ್ತೆಯವರು ಕಲಿಸಿದ್ದು.

ಇನ್ನೊಂದು ಮಾತು. ತೊಟ್ಟಿಲಿಗೆ ಮೊದಲ ಸಲ ಒಂದೇ ಕೌದಿ ಹಾಸುವುದು. ಅದು ತವರಿನವರ ಹಕ್ಕು, ನನಗೂ ಗೊತ್ತು. ಆದರೆ ನನ್ನ ಮೊಮ್ಮಗಳು ಮೊದಲು ನನ್ನ ಕೌದಿಯ ಮೇಲೆ ಮಲಗಬೇಕು ಎನ್ನುವ ಆಸೆ ಒಳಗೊಳಗೇ ಕುದಿಯುತ್ತಿತ್ತು. ಮನೆಯವರು, ಮಗಳು, ನಾನು ಮೂವರೂ ಹೊರಟೆವು. ಬೀಗತಿಯನ್ನು ಹೇಗಾದರೂ ಮಾಡಿ ಕೇಳಿಯೇ ಬಿಡುವುದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಕಾಗವಾಡದಲ್ಲಿ ಇಳಿದು ಚೀಲ ಮುಟ್ಟಿ ನೋಡಿದೆ.

“ಅಯ್ಯ ನನ ಶಿವನ! ಜ್ವಾಳದ ಗಂಟ ಮಾಡದಾಗ ಉಳೀತು!”

ಗೋಡೆಯೊಳಗಿನ ಮಾಡದಲ್ಲಿ, ದೀಪದ ಪಕ್ಕ, ಮರೆಯಬಾರದೆಂದೇ ಇಟ್ಟಿದ್ದೆ. ಮನೆಯವರು ನಗತೊಡಗಿದರು.

“ತಿಂಗಳಿಂದ ಜ್ವಾಳ ಜ್ವಾಳ ಅಂತ ನನ್ನ ತಲಿ ತಿಂದಿ, ಕಡೀಕ ಅದನ್ನ ಬಿಟ್ಟ ಬಂದಿ! ತಗೋ, ಎದುರಿಗೇ ಕಿರಾಣಿ ಅಂಗಡಿ ಐತಿ.”

“ಅಂಗಡಿ ಕಾಳ ನಡ್ಯೂದಿಲ್ರಿ. ಮನೀದ ಆಗಬೇಕು.”

“ಹಂಗಾರ ನೀ ಹೊಳ್ಳಿ ಹೋಗಿ ತಗೊಂಡ ಬಾ. ನಾ ಮುಂದ ಹೋಗಿ ನಿನ್ನ ಪಾಲಿಂದೂ ಉಣತೇನಿ.”

“ಅಪ್ಪಾ, ಅವ್ವನ್ನ ಕಾಡಬ್ಯಾಡ,” ಎಂದು ಮಗಳು ನನ್ನನ್ನು ಟಂಟಂ ಹತ್ತಿಸಿದಳು. ಕೂಸಿನ ಸೋದರತ್ತೆ ಅವಳು. ಅವಳಿಲ್ಲದೆ ಹೆಸರಿಡುವುದೇ ಇಲ್ಲ, ತಡ ಮಾಡುವಂತಿರಲಿಲ್ಲ.

ಬೀಗತಿ ಬಾಗಿಲಲ್ಲೇ ನಿಂತಿದ್ದರು. “ಯಾ, ಯಾ, ವಿಹಿಣಬಾಯಿ! ಬರ್ರಿ!” ಅವರ ಮಾತು ಹೀಗೆಯೇ, ಒಂದು ಕಾಲು ಮರಾಠಿಯಲ್ಲಿ, ಒಂದು ಕಾಲು ಕನ್ನಡದಲ್ಲಿ. ಒಳಗೆ ತೊಟ್ಟಿಲಿಗೆ ಚೆಂಡುಹೂವು ಕಟ್ಟಿದ್ದರು. ಪಕ್ಕದಲ್ಲಿ ಅವರ ಕೌದಿ ಮಡಚಿ ಇಟ್ಟಿತ್ತು, ಸಣ್ಣ ಹೊಲಿಗೆ, ಇರುವೆ ಸಾಲಿನಂತೆ. ನಾನು ನನ್ನ ಚೀಲವನ್ನು ಮೆಲ್ಲಗೆ ಸೆರಗಿನ ಮರೆಗೆ ಸರಿಸಿದೆ.

“ಪಿಶವ್ಯಾಗ ಏನ ಮುಚ್ಚಿಡಾಕತ್ತೀರಿ? ತೋರಸ್ರಿ!” ಎಂದು ಅವರು ಎಳೆದೇ ಬಿಟ್ಟರು. ಕೌದಿಯನ್ನು ಹರವಿ, ಅಂಚು ನೋಡಿ, ಮೂಲೆ ನೋಡಿ, ನಡುವಿಗೆ ಕೈ ಇಟ್ಟರು. ಬೆರಳು ಒಳಗೆ ಹೋಯಿತು.

“ಅಯ್ಯ, ಇದರ ಹೊಟ್ಟಿ ಉಪಾಸ ಐತಲ್ರಿ!”

ನಾಚಿಕೆ ಒಂದು ಕಡೆ, ಆಶ್ಚರ್ಯ ಒಂದು ಕಡೆ. “ಕಾಳ ಮನ್ಯಾಗ, ಮಾಡದಾಗ ಮರತ ಬಂದೆ ನೋಡ್ರಿ. ಅಲ್ಲಾ, ನಿಮಗ ಈ ಪದ್ಧತಿ ಹೆಂಗ ಗೊತ್ತ?”

“ನಮ್ಮ ಆಯಿ ಕಲಿಸಿದ್ದು. ಆಕಿ ಅಥಣಿಯಾಕಿ, ನಿಮ್ಮ ಕಡ್ಯಾಕಿ.”

“ನನಗ ನಮ್ಮತ್ತಿ ಕಲಿಸಿದ್ರು. ಅವರು ಮಿರಜ ಕಡ್ಯಾವರು, ನಿಮ್ಮ ಕಡ್ಯಾವರು!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕ ನಗೆಗೆ ಕೂಸಿಗೆ ಎಚ್ಚರವಾಯಿತು. ಮನೆಯವರು ಕಟ್ಟೆಯ ಮೇಲಿಂದಲೇ ಕೂಗಿದರು: “ಬೀಗರ, ಇದು ಯಾವ ರಾಜ್ಯದ ಪದ್ಧತಿ ಅಂತ ಕೋರ್ಟಿಗೆ ಹಾಕೂಣೇನ?”

“ನಕೋ ಬಾಬಾ!” ಎಂದರು ಬೀಗರು. “ಇದ್ದ ಒಂದ ಗಡಿ ಕೇಸ ಇನ್ನೂ ಮುಗದಿಲ್ಲ!”

ಬೀಗತಿ ಎದ್ದು ತಮ್ಮ ಕಣಜದಿಂದ ಒಂದು ಹಿಡಿ ಜೋಳ ತಂದು ನನ್ನ ಉಡಿಗೆ ಹಾಕಿದರು. “ಮನಿ ಕಾಳ ಬೇಕಲ್ಲ? ಇದೂ ಆ ಕೂಸಿನ ಮನೀನ.” ನಾನು ಕಾಳು ತುಂಬಿದೆ, ಅವರು ಸೂಜಿ ಹಿಡಿದು ಬಾಯಿ ಹೊಲಿದರು. ನಾನು ದಾರಿಯುದ್ದಕ್ಕೂ ಜೋಡಿಸಿದ್ದ ಮಾತನ್ನು ಇನ್ನೂ ಆಡಿಯೇ ಇರಲಿಲ್ಲ. ಅವರು ನನ್ನ ಮುಖ ನೋಡಿದರೋ ಏನೋ, ತಮ್ಮ ಕೌದಿಯನ್ನು ಪಕ್ಕಕ್ಕೆ ಸರಿಸಿ ನನ್ನದನ್ನು ತೊಟ್ಟಿಲಿಗೆ ಹಾಸಿದರು.

“ನಿಮ್ಮ ಹಕ್ಕರಿ ಅದು,” ಎಂದೆ, ಕಣ್ಣು ತುಂಬಿ.

“ಹೊಟ್ಟ್ಯಾಗ ನಮ್ಮ ಕಾಳ ಐತಲ್ರಿ. ಇನ್ನ ನಿಮ್ಮದಷ್ಟ ಹೆಂಗಾತು?”

ಕೂಸನ್ನು ತೊಟ್ಟಿಲ ಮೇಲಿಂದ ಒಬ್ಬರು ಕೊಟ್ಟರು, ಕೆಳಗಿನಿಂದ ಒಬ್ಬರು ತೆಗೆದುಕೊಂಡರು. ಗೋವಿಂದ ತಗೋರಿ ಎಂದವರೂ ಇದ್ದರು, ಗೋವಿಂದ ಘ್ಯಾ ಎಂದವರೂ ಇದ್ದರು. ಮಗಳು ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಾಗ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದಿದರು. ನಮ್ಮಲ್ಲೂ ಹೀಗೆಯೇ ಗುದ್ದುತ್ತೇವೆ. ಕಡೆಗೆ ನನ್ನ ಬಂಗಾರ ನನ್ನ ಕೌದಿಯ ಮೇಲೆ ಮಲಗಿತು. ಮಲಗಿದ ಕೂಡಲೇ ಒದ್ದೆ ಮಾಡಿತು! ನನಗೆ ಆರತಿ ಎತ್ತಿಸಿಕೊಂಡಷ್ಟು ಹಿಗ್ಗಾಯಿತು.

ಗಡಿ ಎಳೆದವರು ಹೊಲ ನೋಡಿದ್ದಾರೆ, ನದಿ ನೋಡಿದ್ದಾರೆ. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳ ಗಂಟು ಬಿಚ್ಚಿ ನೋಡಿದಂತಿಲ್ಲ.

ಹೊರಡುವಾಗ ಬೀಗತಿ ತಮ್ಮ ಕೌದಿಯನ್ನು ತಂದರು. ಅದರ ಹೊಟ್ಟೆಯ ಹೊಲಿಗೆಯನ್ನು ನನ್ನೆದುರಿಗೇ ಹಲ್ಲಿನಿಂದ ಕಡಿದು ಬಿಚ್ಚಿ, ಕಾಳು ಸುರಿದುಕೊಂಡು, ನನ್ನ ಕೈಗೆ ಕೊಟ್ಟರು. “ಕೂಸು ನಿಮ್ಮನಿಗೆ ಬಂದ ದಿನ ಇದನ್ನ ಹಾಸ್ರಿ. ಮಾಡದಾಗ ಉಳದದ್ದನ್ನ ಇದಕ್ಕ ಹಾಕ್ರಿ.”

ಮೂರನೆಯ ತಿಂಗಳಿಗೆ ಕೂಸು ಬರುತ್ತದೆ. ಗಂಟು ಮಾಡದಲ್ಲೇ ಇದೆ. ಈ ಸಲ ಮರೆಯುವ ಭಯವಿಲ್ಲ. ಆದರೂ ದಿನಕ್ಕೆ ಮೂರು ಸಲ ಎದ್ದು ಹೋಗಿ ಮುಟ್ಟಿ ನೋಡುತ್ತೇನೆ.